ಲೈಬ್ರರಿ ತೋರಿಸಿದ್ದಾಯಿತು, ಕಲಿಸಿದ್ದು ಎಷ್ಟು?

ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ‘ಹತ್ತೊಂಬತ್ತನೆಯ ಶತಮಾನದ ಕೊಳ್ಳೇಗಾಲ’ ಎಂಬ ವಿಷಯ ಕೊಟ್ಟು ಹತ್ತು ಪುಟ ಬರೆದು ತರಲು ಹೇಳಿದರೆ ಏನಾಗುತ್ತದೆ? ಆಕೆ ಶ್ರದ್ಧೆಯುಳ್ಳವಳಾದರೆ ಬಸ್ಸು ಹತ್ತಿ ಮೈಸೂರಿಗೆ ಹೋಗಿ, ಯಾವುದಾದರೂ ದೊಡ್ಡ ಗ್ರಂಥಾಲಯದಲ್ಲಿ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕೇಳುತ್ತಾಳೆ. 1897ರಲ್ಲಿ ಪರಿಷ್ಕೃತವಾಗಿ ಎರಡು ಸಂಪುಟಗಳಲ್ಲಿ ಬಂದ ಆ ಗ್ರಂಥ ಅಂದಿನ ಮೈಸೂರು ಸಂಸ್ಥಾನದ ಜಿಲ್ಲೆ, ತಾಲ್ಲೂಕು, ಊರುಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತದೆ. ಪುಟ ಮಗುಚುತ್ತಾ ಹೋದಂತೆ ಯಳಂದೂರು ಸಿಗುತ್ತದೆ. ಕೊಳ್ಳೇಗಾಲ ತಾಲ್ಲೂಕಿನ ವಿವರಣೆ ಮಾತ್ರ ಸಿಗುವುದಿಲ್ಲ. ಗಡಿಯ ಮಾತು ಬಂದಲ್ಲಿ ಹೆಸರು ಕಂಡರೆ ಅದೇ ಹೆಚ್ಚು. ‘ನಮ್ಮೂರಿನ ಬಗ್ಗೆ ಲೈಬ್ರರಿಯಲ್ಲಿ ಏನೂ ಇಲ್ಲ’ ಎಂದುಕೊಂಡು ಆಕೆ ಸಂಜೆಯ ಬಸ್ಸಿಗೆ ವಾಪಸಾಗುತ್ತಾಳೆ.

ಇಲ್ಲದೆ ಏನು? ಇದೆ. ಬೇರೆ ಕಪಾಟಿನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಇಂಗ್ಲಿಷರ ವಶವಾಗಿ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾಗುವವರೆಗೂ ಅಲ್ಲೇ ಇತ್ತು. ಆದ್ದರಿಂದ ಅಂದಿನ ಕೊಳ್ಳೇಗಾಲವನ್ನೂ, ಅದರೊಳಗೇ ಇದ್ದ ಹನೂರನ್ನೂ ಹುಡುಕಬೇಕಾದದ್ದು ಎಫ್.ಎ. ನಿಕಲ್ಸನ್ 1887ರಲ್ಲಿ ಹೊರತಂದ ಕೊಯಮತ್ತೂರು ಜಿಲ್ಲಾ ಕೈಪಿಡಿಯಲ್ಲಿ. ಯಳಂದೂರಿನ ಕಥೆ ಬೇರೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಆ ಊರು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. ಯಳಂದೂರಿಗೂ ಕೊಳ್ಳೇಗಾಲಕ್ಕೂ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಪುಸ್ತಕದ ಕಪಾಟಿನಲ್ಲಿ ಮಾತ್ರ ಅವುಗಳ ನಡುವೆ ಎರಡು ರಾಜ್ಯಗಳ ಅಂತರ. ಡ್ಯೂಯಿ ದಶಾಂಶ ಪದ್ಧತಿ ಬಳಸುವ ಗ್ರಂಥಾಲಯದಲ್ಲಿ ಕರ್ನಾಟಕದ ಚರಿತ್ರೆಗೆ 954.87, ತಮಿಳುನಾಡಿನದಕ್ಕೆ 954.82. ಯಳಂದೂರು ಒಂದರಲ್ಲಿ, ಹಳೆಯ ಕೊಳ್ಳೇಗಾಲ ಇನ್ನೊಂದರಲ್ಲಿ.

ಶಾಸನಗಳ ವಿಷಯವೂ ಹಾಗೆಯೇ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ನಾಲ್ಕನೆಯ ಸಂಪುಟದಲ್ಲಿ ಯಳಂದೂರು ತಾಲ್ಲೂಕಿನ ಶಾಸನಗಳುಂಟು, ಕೊಳ್ಳೇಗಾಲದ್ದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1975ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ನಾಲ್ಕನೆಯ ಸಂಪುಟದಲ್ಲಿ ಎರಡೂ ಉಂಟು. ಅದೇ ಹೆಸರು, ಅದೇ ಸಂಪುಟ ಸಂಖ್ಯೆ, ಒಳಗಿರುವುದು ಬೇರೆ. ಯಾವ ಮುದ್ರಣ ಕೇಳಬೇಕೆಂದು ತಿಳಿಯದವನಿಗೆ ಪುಸ್ತಕ ಕೈಯಲ್ಲಿದ್ದೂ ಇಲ್ಲದಂತೆ.

ಇದು ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲ, ಬುದ್ಧಿವಂತಿಕೆಯದೂ ಅಲ್ಲ. ಯಾವ ಮಾಹಿತಿ ಎಲ್ಲಿರಬಹುದು, ಯಾವ ಹೆಸರಿನಲ್ಲಿರಬಹುದು, ಸಿಕ್ಕಿದ್ದನ್ನು ಎಷ್ಟು ನಂಬಬಹುದು ಎಂಬುದನ್ನು ಒಬ್ಬರು ಹೇಳಿಕೊಡಬೇಕು, ಇನ್ನೊಬ್ಬರು ಕಲಿಯಬೇಕು. ಇದಕ್ಕೆ ಗ್ರಂಥಾಲಯ ಬೋಧನೆ ಎಂದು ಹೆಸರು. ಪ್ರಪಂಚದ ಒಳ್ಳೆಯ ವಿಶ್ವವಿದ್ಯಾನಿಲಯಗಳೆಲ್ಲ ಯಾವುದಾದರೂ ರೂಪದಲ್ಲಿ ಇದನ್ನು ನಡೆಸುತ್ತವೆ. ನಮ್ಮಲ್ಲೂ ನಡೆಯುತ್ತದೆ. ಅದು ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಅರ್ಧ ಗಂಟೆಯ ಪ್ರದಕ್ಷಿಣೆ

ನಮ್ಮ ಬಹುತೇಕ ಕಾಲೇಜುಗಳಲ್ಲಿ ಗ್ರಂಥಾಲಯ ಬೋಧನೆಯೆಂದರೆ ವರ್ಷಾರಂಭದ ಒಂದು ದಿನ, ಅರವತ್ತು ಎಪ್ಪತ್ತು ಹೊಸ ವಿದ್ಯಾರ್ಥಿಗಳನ್ನು ಸಾಲಾಗಿ ಒಳಗೆ ಕರೆದೊಯ್ದು ಹೊರಗೆ ತರುವುದು. ಇದು ಪತ್ರಿಕಾ ವಿಭಾಗ, ಇದು ಪರಾಮರ್ಶನ ವಿಭಾಗ, ಚೀಲ ಹೊರಗಿಡಿ, ಮೊಬೈಲು ಬಂದ್ ಮಾಡಿ, ಎರಡು ಕಾರ್ಡಿಗೆ ಎರಡು ಪುಸ್ತಕ, ಹದಿನೈದು ದಿನ ಮೀರಿದರೆ ದಂಡ. ಮುಂದಿದ್ದ ಹತ್ತು ಮಂದಿಗೆ ಕೇಳಿಸುತ್ತದೆ, ಹಿಂದಿದ್ದವರು ಫ್ಯಾನಿನ ಕೆಳಗೆ ನಿಂತಿರುತ್ತಾರೆ. ಕೊನೆಯಲ್ಲಿ ಹಾಜರಿ ಸಹಿ, ಒಂದು ಫೋಟೋ, ಒಂದು ಅಭಿಪ್ರಾಯ ನಮೂನೆ. ‘ಕಾರ್ಯಕ್ರಮ ಹೇಗಿತ್ತು?’ ಎಂಬಲ್ಲಿ ಎಲ್ಲರೂ ‘ಉತ್ತಮ’ ಎಂದು ಗುರುತು ಹಾಕುತ್ತಾರೆ. ಸೇರಿದ ಮೊದಲ ವಾರದಲ್ಲೇ ‘ಕಳಪೆ’ ಎಂದು ಬರೆದುಕೊಡುವ ಧೈರ್ಯವಂತ ಯಾರು?

ಮಂದಿರಕ್ಕೆ ಪ್ರದಕ್ಷಿಣೆ ಬಂದವರೆಲ್ಲ ಮಂತ್ರ ಕಲಿತರೆಂದು ಯಾರೂ ಹೇಳುವುದಿಲ್ಲ. ಆದರೆ ಗ್ರಂಥಾಲಯದ ವರದಿಯಲ್ಲಿ ಅದೇ ಆಗುತ್ತದೆ: ‘ಇಷ್ಟು ಮಂದಿಗೆ ತರಬೇತಿ ನೀಡಲಾಯಿತು, ಶೇಕಡಾ ತೊಂಬತ್ತಕ್ಕೂ ಹೆಚ್ಚು ಮಂದಿಗೆ ತೃಪ್ತಿ.’

ದೋಷ ಗ್ರಂಥಪಾಲಕರದಷ್ಟೇ ಅಲ್ಲ. ಮೇಲಿನವರು ಕೇಳುವುದನ್ನೇ ಅವರು ಲೆಕ್ಕವಿಡುತ್ತಾರೆ. ಕಾಲೇಜುಗಳಿಗೆ ದರ್ಜೆ ನೀಡುವ ನ್ಯಾಕ್ ಸಂಸ್ಥೆ 1994ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದು. ಅದರ 2020ರ ಸುಮಾರಿನ ಕೈಪಿಡಿಯಲ್ಲಿ ಗ್ರಂಥಾಲಯದ ಕುರಿತು ಕೇಳಿದ್ದು ಇವು: ಗಣಕೀಕರಣವಾಗಿದೆಯೇ, ಇ-ಪತ್ರಿಕೆ ಇ-ಪುಸ್ತಕಗಳಿಗೆ ಚಂದಾ ಇದೆಯೇ, ಪುಸ್ತಕಕ್ಕೆ ವರ್ಷಕ್ಕೆ ಸರಾಸರಿ ಎಷ್ಟು ಖರ್ಚು, ದಿನಕ್ಕೆ ಎಷ್ಟು ಮಂದಿ ಬರುತ್ತಾರೆ. ಎಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ದಿನಕ್ಕೆ ನೂರು ಮಂದಿ ಒಳಬಂದರೆಂಬುದರಿಂದ, ಅವರಲ್ಲಿ ಎಷ್ಟು ಮಂದಿ ಬೇಕಾದದ್ದನ್ನು ಪಡೆದು ಹೊರಹೋದರು ಎಂಬುದು ತಿಳಿಯುವುದಿಲ್ಲ. ಬಿಸಿಲಿಗೆ ಬಂದು ಕುಳಿತವನೂ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡನ್ನು ತಾನೇ ತಂದು ಓದುವವನೂ, ಹುಡುಕಿ ಹುಡುಕಿ ಸೋತು ಹೋದವಳೂ ಆ ಲೆಕ್ಕದಲ್ಲಿ ಒಂದೊಂದು ಅಂಕಿಯೇ.

ಹೊಸಬರ ದೀಕ್ಷೆ

ಹಾಗೆಂದು ಇದು ಪಶ್ಚಿಮದಿಂದ ಬಂದ ಹೊಸ ಶೋಕಿಯಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಮೊದಮೊದಲು ಆ ಕೆಲಸ ಅವರಿಗೆ ಬೇಸರ ತಂದಿತ್ತಂತೆ. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಕಂಡು ಬಂದ ಮೇಲೆ ಬದುಕನ್ನೆಲ್ಲ ಅದಕ್ಕೇ ಕೊಟ್ಟರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕೆನ್ನುತ್ತದೆ. ಹನೂರಿನಿಂದ ಮೈಸೂರಿಗೆ ಹೋಗಿ ಬರುವ ವಿದ್ಯಾರ್ಥಿಗೆ ಆ ಸೂತ್ರದ ಬೆಲೆ ಬೇರೆ ಹೇಳಬೇಕಾಗಿಲ್ಲ.

ಪರಾಮರ್ಶನ ಸೇವೆಯ ಬಗ್ಗೆ ಬರೆಯುವಾಗ ಅವರು ಹೊಸ ವಿದ್ಯಾರ್ಥಿಗೆ ಗ್ರಂಥಾಲಯವನ್ನು ಪರಿಚಯಿಸುವ ಕೆಲಸಕ್ಕೆ ಒಂದು ವಿಶೇಷ ಸ್ಥಾನ ಕೊಟ್ಟರು. ಅವರು ಬಳಸಿದ ಇಂಗ್ಲಿಷ್ ಮಾತನ್ನು ಕನ್ನಡದಲ್ಲಿ ‘ಹೊಸಬರ ದೀಕ್ಷೆ’ ಎನ್ನಬಹುದು. ದೀಕ್ಷೆ ಎಂದ ಮೇಲೆ ಗುರು ಬೇಕು, ಅಭ್ಯಾಸ ಬೇಕು. ಸುತ್ತು ಹಾಕಿಸಿ ಕಳಿಸುವುದು ದೀಕ್ಷೆಯಲ್ಲ. ಈ ಮಹನೀಯರು ಕೊನೆಯ ದಿನಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಮೈಸೂರಿನ ಮಾನಸಗಂಗೋತ್ರಿಯಲ್ಲೂ ಗ್ರಂಥಾಲಯ ವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ಸಂಶೋಧನಾ ಪ್ರಬಂಧಗಳನ್ನು ಗಣಕದ ಮೂಲಕ ಎಲ್ಲರಿಗೂ ತಲುಪಿಸುವ ‘ವಿದ್ಯಾನಿಧಿ’ ಯೋಜನೆಯನ್ನು ಪ್ರೊ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ಆ ವಿಭಾಗ 2000ದಲ್ಲಿಯೇ ಆರಂಭಿಸಿತ್ತು. ವಿದ್ಯೆಯೂ ಜನರೂ ಹತ್ತಿರದಲ್ಲೇ ಇದ್ದರು ಎಂಬುದಕ್ಕೆ ಈ ಮಾತು.

ಅಮೆರಿಕದ ಇಂಡಿಯಾನ ರಾಜ್ಯದಲ್ಲಿ ಅರ್ಲ್‌ಹ್ಯಾಮ್ ಎಂಬ ಚಿಕ್ಕ ಕಾಲೇಜಿದೆ. ಇವಾನ್ ಫಾರ್ಬರ್ 1962ರಿಂದ 1994ರವರೆಗೆ ಅಲ್ಲಿ ಗ್ರಂಥಪಾಲಕರಾಗಿದ್ದರು. ವರ್ಷಾರಂಭದ ಸಾಮೂಹಿಕ ಪಾಠದಿಂದ ಪ್ರಯೋಜನ ಕಡಿಮೆ ಎಂಬುದನ್ನು ಕಂಡು ಅವರು ಬೇರೆ ದಾರಿ ಹಿಡಿದರು. ಅಧ್ಯಾಪಕರು ಪ್ರಬಂಧದ ವಿಷಯ ಕೊಟ್ಟ ಮೇಲೆಯೇ ಗ್ರಂಥಪಾಲಕರು ತರಗತಿಗೆ ಬಂದು, ಅದೇ ಪ್ರಬಂಧಕ್ಕೆ ಬೇಕಾದ ಆಕರಗಳನ್ನು ಹುಡುಕುವ ಬಗೆಯನ್ನು ಕಲಿಸುವುದು. ಹಸಿದಾಗ ಬಡಿಸುವುದು ಎಂದರೆ ಇದೇ. ಕಾಲೇಜು ಚಿಕ್ಕದಾದರೂ ಈ ಪದ್ಧತಿ ದೂರದೂರಕ್ಕೆ ಹರಡಿತು. ಇದರಲ್ಲಿ ಅಡಗಿರುವ ಇನ್ನೊಂದು ಅನುಕೂಲವೆಂದರೆ, ಪಾಠ ಫಲಿಸಿತೇ ಎಂದು ನೋಡಲು ಬೇರೆ ಪರೀಕ್ಷೆ ಬೇಕಿಲ್ಲ. ವಿದ್ಯಾರ್ಥಿ ಬರೆದ ಪ್ರಬಂಧವೇ ಸಾಕ್ಷಿ.

ಆತ್ಮವಿಶ್ವಾಸವನ್ನು ಅಳೆಯಬಾರದು

ತರಬೇತಿಯ ಮೌಲ್ಯಮಾಪನಕ್ಕೆ 1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು ನಾಲ್ಕು ಮೆಟ್ಟಿಲು ಹೇಳಿದರು. ಕಲಿತವರಿಗೆ ಹಿಡಿಸಿತೇ, ಕಲಿತರೇ, ಕಲಿತದ್ದನ್ನು ಬಳಸಿದರೇ, ಬಳಸಿದ್ದರಿಂದ ಫಲ ಬಂತೇ. ಮೂಲತಃ ಕಾರ್ಖಾನೆಯ ತರಬೇತಿಯನ್ನು ಮನಸ್ಸಿನಲ್ಲಿಟ್ಟುಕೊಂಡ ಲೆಕ್ಕ, ಆದರೂ ಇಲ್ಲಿಗೆ ಹೊಂದುತ್ತದೆ. ನಮ್ಮ ಅಭಿಪ್ರಾಯ ನಮೂನೆಗಳು ಮೊದಲ ಮೆಟ್ಟಿಲಲ್ಲೇ ಕುಳಿತುಬಿಟ್ಟಿವೆ.

‘ನಿಮಗೆ ಈಗ ಮಾಹಿತಿ ಹುಡುಕಲು ಬರುತ್ತದೆಯೇ?’ ಎಂದು ಕೇಳಿ ‘ಹೌದು’ ಎಂದವರನ್ನು ಎಣಿಸುವುದೂ ಮೋಸದ ಅಳತೆಯೇ. ಅಮೆರಿಕದ ಫ್ಲಾರಿಡಾದಲ್ಲಿ ಮೆಲಿಸ್ಸಾ ಗ್ರಾಸ್ ಮತ್ತು ಡಾನ್ ಲೇಥಮ್ ಎಂಬ ಇಬ್ಬರು ಪ್ರಾಧ್ಯಾಪಕರು ಕಾಲೇಜಿಗೆ ಹೊಸದಾಗಿ ಬಂದವರನ್ನು ಪರೀಕ್ಷಿಸಿ, ಅವರಿಗಿರುವ ಕೌಶಲಕ್ಕೂ ತಮ್ಮ ಬಗ್ಗೆ ಅವರಿಗಿರುವ ಅಂದಾಜಿಗೂ ಹೋಲಿಸಿದರು. ಕೌಶಲ ಕಡಿಮೆಯಿದ್ದವರೇ ತಮ್ಮನ್ನು ತಾವು ಹೆಚ್ಚು ಅಂದಾಜು ಮಾಡಿಕೊಂಡಿದ್ದರು. ತಿಳಿಯದವನಿಗೆ ತನಗೆ ತಿಳಿಯದೆಂಬುದೂ ತಿಳಿಯುವುದಿಲ್ಲ. ಕೈಯಲ್ಲಿ ಮೊಬೈಲು ಹಿಡಿದ ಹುಡುಗನನ್ನು ಕೇಳಿ ನೋಡಿ, ಹುಡುಕಲು ಬರುವುದಿಲ್ಲ ಎಂದು ಅವನು ಹೇಳುವನೇ?

ಬರೀ ಹುಡುಗರ ಮಾತಲ್ಲ ಇದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಪಿಎಚ್.ಡಿ. ಪಡೆದ ಹತ್ತು ಇತಿಹಾಸಕಾರರು, ಪತ್ರಿಕೆಗಳಲ್ಲಿ ಸತ್ಯಾಸತ್ಯ ಪರಿಶೀಲಿಸುವ ಹತ್ತು ಮಂದಿ, ಸ್ಟ್ಯಾನ್‌ಫರ್ಡ್‌ನ ಇಪ್ಪತ್ತೈದು ವಿದ್ಯಾರ್ಥಿಗಳು ಇದ್ದರು. ಅಮೆರಿಕದ ಮಕ್ಕಳ ವೈದ್ಯರ ಎರಡು ಸಂಘಗಳ ಜಾಲತಾಣಗಳನ್ನು ತೋರಿಸಿ ಯಾವುದು ಹೆಚ್ಚು ನಂಬಲರ್ಹ ಎಂದು ಕೇಳಿದರು. ಒಂದು 1930ರಲ್ಲಿ ಸ್ಥಾಪನೆಯಾದ, ಹತ್ತಾರು ಸಾವಿರ ಸದಸ್ಯರಿರುವ ಸಂಸ್ಥೆ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಬೇರೆಯಾದ ಚಿಕ್ಕ ಗುಂಪು. ಹೆಸರುಗಳು ಅಣ್ಣತಮ್ಮಂದಿರಂತೆ, ಎರಡೂ ತಾಣಗಳ ಚೆಲುವು ಒಂದೇ. ಸತ್ಯಪರಿಶೀಲಕರು ಹತ್ತಕ್ಕೆ ಹತ್ತೂ ಮಂದಿ ಸರಿಯಾಗಿ ಹೇಳಿದರು. ಇತಿಹಾಸಕಾರರಲ್ಲಿ ಅರ್ಧದಷ್ಟು. ವಿದ್ಯಾರ್ಥಿಗಳಲ್ಲಿ ಐವರಿಗೆ ಒಬ್ಬರು.

ಸತ್ಯಪರಿಶೀಲಕರು ಮಾಡಿದ್ದೇನು? ಆ ಪುಟವನ್ನು ಹೆಚ್ಚು ಓದಲೇ ಇಲ್ಲ. ಕ್ಷಣದಲ್ಲಿ ಅದರಿಂದ ಹೊರಬಂದು, ಆ ಸಂಸ್ಥೆಯ ಬಗ್ಗೆ ಬೇರೆಯವರು ಏನೆನ್ನುತ್ತಾರೆಂದು ನೋಡಿದರು. ಹೆಣ್ಣು ಗಂಡು ನೋಡುವಾಗ ಮನೆಯವರ ಮಾತಿಗಿಂತ ಪಕ್ಕದ ಬೀದಿಯವರ ಮಾತು ಕೇಳುವುದಿಲ್ಲವೇ, ಹಾಗೆ. ಕಲಿಸಿದರೆ ಕಲಿಯಬಹುದಾದ ಅಭ್ಯಾಸವಿದು. ಆದರೆ ‘ನಂಬಲರ್ಹ ಜಾಲತಾಣದ ಲಕ್ಷಣಗಳನ್ನು ಬರೆಯಿರಿ’ ಎಂಬ ಐದಂಕದ ಪ್ರಶ್ನೆಯಿಂದ ಇದು ಬಂದಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಬ್ಯೂರೆಟ್ ಕೈಗೆ ಕೊಟ್ಟು ನೋಡುವುದು

ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬ್ಯೂರೆಟ್ಟಿನ ವ್ಯಾಖ್ಯೆ ಬರೆಸಿ ಅಂಕ ಕೊಡುವುದಿಲ್ಲ. ಕೈಗೆ ಕೊಟ್ಟು, ಯಾವ ಹನಿಗೆ ಬಣ್ಣ ತಿರುಗಿತೆಂದು ನೋಡಿ ಅಳತೆ ಬರೆಯಲು ಹೇಳುತ್ತಾರೆ. ಗ್ರಂಥಾಲಯ ಬೋಧನೆಗೂ ಅಂಥ ಪ್ರಾಯೋಗಿಕವೇ ತಕ್ಕ ಅಳತೆ. ಪ್ರಶ್ನೆಗಳು ಊರಿನದೇ ಆಗಿರಲಿ, ನಕಲು ಮಾಡಲು ಗೈಡಿರುವುದಿಲ್ಲ.

‘2011ರ ಜನಗಣತಿಯಂತೆ ಹನೂರು ತಾಲ್ಲೂಕಿನ ಜನಸಂಖ್ಯೆ ಎಷ್ಟು?’ ಸುಲಭವಾಗಿ ಕಾಣುವ ಪ್ರಶ್ನೆ. 2011ರಲ್ಲಿ ಹನೂರು ತಾಲ್ಲೂಕೇ ಇರಲಿಲ್ಲ. 2017-18ರಲ್ಲಿ ಕೊಳ್ಳೇಗಾಲದಿಂದ ಬೇರೆಯಾಯಿತು. ಆ ಜನಗಣತಿಯ ತಾಲ್ಲೂಕು ಪಟ್ಟಿಯಲ್ಲಿ ಅದನ್ನು ಹುಡುಕುವವನಿಗೆ ಸಿಗುವುದಿಲ್ಲ. ಚೆನ್ನಾಗಿ ಕಲಿತವನು ಅದನ್ನು ಗಮನಿಸಿ, ಊರುವಾರು ಅಂಕಿಗಳಿರುವ ಸಂಪುಟಕ್ಕೆ ಹೋಗಿ, ಇಂದಿನ ಹನೂರು ತಾಲ್ಲೂಕಿಗೆ ಸೇರಿದ ಊರುಗಳನ್ನು ಕೂಡಿಸುತ್ತಾನೆ. ಅರ್ಧ ಕಲಿತವನು ಹನೂರು ಪಟ್ಟಣದ ಸಂಖ್ಯೆಯನ್ನೇ ತಾಲ್ಲೂಕಿನದೆಂದು ಬರೆಯುತ್ತಾನೆ. ಕಲಿಯದವನು ಗಣಕದ ಪರದೆಯಲ್ಲಿ ಮೊದಲು ಕಂಡದ್ದನ್ನು ಬರೆಯುತ್ತಾನೆ. ಉತ್ತರಪತ್ರಿಕೆ ನೋಡುವವರಿಗೆ ಮೂವರೂ ಬೇರೆಬೇರೆಯಾಗಿ ಕಾಣುತ್ತಾರೆ. ಒಳ್ಳೆಯ ಪ್ರಶ್ನೆಯ ಲಕ್ಷಣ ಅದೇ.

ಇನ್ನೊಂದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಗ್ಗೆ ನೂರು ವರ್ಷಕ್ಕೂ ಹಿಂದಿನ ಒಂದು ಆಕರವನ್ನು ಹುಡುಕಲು ಹೇಳುವುದು. ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ 1909ರ ಸಂಪುಟಗಳಲ್ಲಿ ಆ ಜನರ ವಿವರ ‘ಷೋಲಗ’ ಎಂಬ ಹೆಸರಿನಡಿ ಇದೆ. ಇಂದಿನ ಹೆಸರಷ್ಟನ್ನೇ ಹಿಡಿದು ಹೊರಟವನು ಇದನ್ನು ದಾಟಿ ಹೋಗುತ್ತಾನೆ. ಕೊಳ್ಳೇಗಾಲದ ಇಂಗ್ಲಿಷ್ ಕಾಗುಣಿತವೂ ಹಳೆಯ ಕಾಗದಗಳಲ್ಲಿ ‘ಕೆ’ಯಿಂದ ಆರಂಭವಾಗುವಂತೆ ‘ಸಿ’ಯಿಂದಲೂ ಆರಂಭವಾಗುತ್ತದೆ.

ಮಾದಪ್ಪನನ್ನು ಕೇಳಿದರೆ ತೊಂದರೆ ಇನ್ನೂ ಹೆಚ್ಚು. ಡಾ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಮಲೆಯ ಮಾದೇಶ್ವರ ಜನಪದ ಮಹಾಕಾವ್ಯ 1973ರಲ್ಲಿ ಪ್ರಕಟವಾಯಿತು. ಗ್ರಂಥಾಲಯದ ಗಣಕಸೂಚಿಯಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ ತುಂಬಿರುತ್ತಾರೆ. ಮಾದೇಶ್ವರ, ಮಹದೇಶ್ವರ, ಮಹಾದೇಶ್ವರ. ‘ವ’ಕ್ಕೆ ಒಬ್ಬರು ಒಂದಕ್ಷರ, ಇನ್ನೊಬ್ಬರು ಇನ್ನೊಂದು. ಟೈಪು ಮಾಡಿದವರ ಕೈಯಂತೆ ಪುಸ್ತಕದ ಹಣೆಬರಹ. ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಮತ್ತೊಂದರಲ್ಲಿ, ಅದರಲ್ಲೂ ಸಿಗದಿದ್ದರೆ ಸಂಪಾದಕರ ಹೆಸರಿನಲ್ಲಿ, ಕೊನೆಗೆ ಜಾನಪದದ ಕಪಾಟಿಗೇ ಹೋಗಿ ನೋಡಬೇಕು ಎಂಬುದನ್ನು ಯಾವ ಅರ್ಧ ಗಂಟೆಯ ಪ್ರದಕ್ಷಿಣೆಯೂ ಹೇಳಿಕೊಡುವುದಿಲ್ಲ.

ಇಂಥ ಪ್ರಶ್ನೆಗಳಿಗೆ ಉತ್ತರದ ಜೊತೆಗೆ ಬಂದ ದಾರಿಯನ್ನೂ ಬರೆಯಿಸಬೇಕು. ಯಾವ ಪದದಿಂದ ಹುಡುಕಿದೆ, ಎಲ್ಲಿ ಸಿಗಲಿಲ್ಲ, ಆಮೇಲೆ ಏನು ಮಾಡಿದೆ, ಎರಡು ಆಕರ ಬೇರೆಬೇರೆ ಹೇಳಿದಾಗ ಯಾವುದನ್ನು ಯಾಕೆ ಒಪ್ಪಿದೆ. ಗಣಿತದಲ್ಲಿ ಹಂತಗಳಿಗೆ ಅಂಕ ಕೊಡುವಂತೆ. ಬೋಧನೆಗೆ ಮೊದಲು ಒಮ್ಮೆ, ಮುಗಿದ ಕೆಲವು ತಿಂಗಳ ಮೇಲೆ ಒಮ್ಮೆ, ಇದೇ ಜಾತಿಯ ಬೇರೆ ಪ್ರಶ್ನೆಗಳನ್ನು ಕೊಡಬೇಕು. ಅದೇ ಪ್ರಶ್ನೆಯನ್ನು ಮತ್ತೆ ಕೊಟ್ಟರೆ ನೆನಪನ್ನು ಅಳೆದಂತಾಗುತ್ತದೆ. ಬೋಧನೆ ಮುಗಿದ ದಿನವೇ ಪರೀಕ್ಷಿಸುವುದರಿಂದಲೂ ಹೆಚ್ಚು ತಿಳಿಯದು; ಅಂದು ಎಲ್ಲರಿಗೂ ಬರುತ್ತದೆ.

ವಿಜ್ಞಾನ ಓದಿದವರಿಗೆ ಇಲ್ಲೊಂದು ಸಂಶಯ ಬಂದೇ ಬರುತ್ತದೆ. ಕೆಲವು ತಿಂಗಳಲ್ಲಿ ವಿದ್ಯಾರ್ಥಿ ಹೇಗೂ ಒಂದಷ್ಟು ಬೆಳೆಯುತ್ತಾನೆ. ಆದ ಪ್ರಗತಿ ಬೋಧನೆಯಿಂದಲೋ ವಯಸ್ಸಿನಿಂದಲೋ? ಒಂದು ವಿಭಾಗಕ್ಕೆ ಮೊದಲ ಸೆಮಿಸ್ಟರಿನಲ್ಲಿ, ಇನ್ನೊಂದಕ್ಕೆ ಎರಡನೆಯದರಲ್ಲಿ ಬೋಧಿಸಿ ನಡುವೆ ಇಬ್ಬರನ್ನೂ ಪರೀಕ್ಷಿಸಿದರೆ ಹೋಲಿಕೆಗೆ ಜೋಡಿ ಸಿಗುತ್ತದೆ, ಯಾರಿಗೂ ನಷ್ಟವಿಲ್ಲ. ಇಷ್ಟಪಟ್ಟು ಬಂದವರನ್ನು ಮಾತ್ರ ಒಂದು ಗುಂಪು ಮಾಡಿದರೆ ಕೆಟ್ಟಿತು. ತಾನಾಗಿ ಬರುವವನು ಮೊದಲೇ ಚುರುಕು.

ಭಾಷೆಯ ಮಾತನ್ನು ಬಿಡುವಂತಿಲ್ಲ. ಈ ಮೂರು ತಾಲ್ಲೂಕುಗಳಿಂದ ಬರುವ ಅನೇಕರು ಕನ್ನಡ ಮಾಧ್ಯಮದವರು. ಬೋಧನೆ ಇಂಗ್ಲಿಷಿನಲ್ಲಿ ನಡೆದು, ಪ್ರಶ್ನೆಪತ್ರಿಕೆಯೂ ಇಂಗ್ಲಿಷಿನಲ್ಲಿದ್ದರೆ ಅಳೆದದ್ದು ಇಂಗ್ಲಿಷನ್ನೇ ಹೊರತು ಹುಡುಕುವ ಕೌಶಲವನ್ನಲ್ಲ. ಆಕರಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ, ನಿಜ. ಆದ್ದರಿಂದಲೇ ಅವುಗಳ ಬಳಿಗೆ ಹೋಗುವ ದಾರಿಯನ್ನು ಕನ್ನಡದಲ್ಲಿ ಹೇಳಬೇಕು. ರೇಷ್ಮೆ ಎಂದು ಯೋಚಿಸಿದವನಿಗೆ ಸೆರಿಕಲ್ಚರ್ ಎಂಬ ಪದವನ್ನು ಕೈಗೆ ಕೊಡಬೇಕು.

ಬಾಗಿಲು ತೆರೆದಿದೆ

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಉತ್ತರ ಇತ್ತೀಚಿನ ವರ್ಷಗಳಲ್ಲಿದೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪುಸ್ತಕ ಕಡಿಮೆ ಎಂಬುದು ಹಿಂದೆ ನಿಜವಾದ ಕೊರತೆ. ಈಗ ಹಾಗಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 2010ರಲ್ಲಿ ಕಾಲೇಜುಗಳಿಗಾಗಿ ‘ಎನ್-ಲಿಸ್ಟ್’ ಆರಂಭಿಸಿ, ಸಣ್ಣ ವಾರ್ಷಿಕ ಶುಲ್ಕಕ್ಕೆ ಸಾವಿರಾರು ಇ-ಪತ್ರಿಕೆಗಳನ್ನು ಒದಗಿಸಿತು. ದೇಶದ ಪಿಎಚ್.ಡಿ. ಪ್ರಬಂಧಗಳು ಲಕ್ಷಗಟ್ಟಲೆ ‘ಶೋಧಗಂಗಾ’ದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಲ್ಲಿ ಲೋಕಾರ್ಪಣೆಯಾಯಿತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆಲ್ಲ. ಅಂದರೆ ಹನೂರಿನ ಸರ್ಕಾರಿ ಕಾಲೇಜಿನ ಹುಡುಗಿಗೂ ದೆಹಲಿಯ ಹುಡುಗಿಗೂ ಕಾಗದದ ಮೇಲೆ ಒಂದೇ ಕಪಾಟು.

ಕಪಾಟಿನ ಬೀಗದ ಕೈ ಕೊಟ್ಟು ತೆರೆಯುವುದನ್ನು ಕಲಿಸದಿದ್ದರೆ? ಲಾಗಿನ್ ಹೆಸರು ಪಡೆದವರೆಷ್ಟು ಎಂಬ ಸಂಖ್ಯೆ ವರದಿಗೆ ಹೋಗುತ್ತದೆ. ಅದರಿಂದ ಒಂದು ಲೇಖನವನ್ನು ತೆಗೆದು ಓದಿ ತನ್ನ ಪ್ರಬಂಧದಲ್ಲಿ ಬಳಸಿದವರೆಷ್ಟು ಎಂಬುದೇ ಕೇಳಬೇಕಾದ ಪ್ರಶ್ನೆ.

ಕಲಿಯದಿದ್ದರೆ ತೆರಬೇಕಾದ ಬೆಲೆಯೂ ಏರಿದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಂತೆ ಪ್ರಬಂಧದಲ್ಲಿ ಶೇಕಡಾ 10ನ್ನು ಮೀರಿ 40ರವರೆಗೆ ಬೇರೆಯವರ ಬರಹದೊಡನೆ ಹೋಲಿಕೆ ಕಂಡರೆ ತಿದ್ದಿ ಮತ್ತೆ ಸಲ್ಲಿಸಬೇಕು, 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಕದಿಯಬೇಕೆಂದು ಕದಿಯುವವರು ಕೆಲವರಿರಬಹುದು. ಉಲ್ಲೇಖಿಸುವ ಕ್ರಮವನ್ನು ಯಾರೂ ಹೇಳಿಕೊಡದೆ ಸಿಕ್ಕಿಬೀಳುವವರೂ ಉಂಟು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇನ್ನೊಂದು ತೊಡಕು. ಕೇಳಿದ ಕೂಡಲೇ ಲೇಖಕ, ಪುಸ್ತಕ, ಇಸವಿ ಸಮೇತ ಅದು ಕೊಡುವ ಆಕರಗಳಲ್ಲಿ ಪ್ರಪಂಚದಲ್ಲೇ ಇಲ್ಲದವು ಸೇರಿರುವುದುಂಟು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಅದು ಹುಟ್ಟಿಸಿದ ತೀರ್ಪುಗಳನ್ನು ನಿಜವೆಂದು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು. ಓದಿದ ವಕೀಲರ ಪಾಡೇ ಹೀಗಾದರೆ ಬಿ.ಎ. ಮೊದಲ ವರ್ಷದವರ ಮಾತೇನು? ಒಂದು ಪುಸ್ತಕ ನಿಜವಾಗಿ ಇದೆಯೇ ಎಂದು ಸೂಚಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ಇಂದು ಗ್ರಂಥಾಲಯ ಬೋಧನೆಯ ಮೊದಲ ಪಾಠವಾಗಬೇಕಾಗಿದೆ.

ಚಾಮರಾಜನಗರದ ಸುವರ್ಣ ಗಂಗೋತ್ರಿಯಲ್ಲಿದ್ದ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಎರಡೇ ವರ್ಷದಲ್ಲಿ, 2025ರ ಫೆಬ್ರವರಿಯಲ್ಲಿ, ಇದೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಲ್ಲಿ ಬಂದು ಜಿಲ್ಲೆಯಲ್ಲಿ ಕಳವಳ ಹುಟ್ಟಿಸಿತು. ಅಂಕಪಟ್ಟಿಯ ತಲೆಯಲ್ಲಿ ಯಾವ ವಿಶ್ವವಿದ್ಯಾನಿಲಯದ ಹೆಸರಿದ್ದರೂ ಕೊಳ್ಳೇಗಾಲ, ಹನೂರು, ಯಳಂದೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಓದುವವರು ಇವರೇ ಮಕ್ಕಳು. ಇಂಥ ಮೌಲ್ಯಮಾಪನಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ಗ್ರಂಥಪಾಲಕರೂ ಒಬ್ಬಿಬ್ಬರು ಅಧ್ಯಾಪಕರೂ ಕುಳಿತು ಹತ್ತು ಪ್ರಶ್ನೆ ಮಾಡಬೇಕು. ಉತ್ತರ ತಿದ್ದಲು ಎರಡು ಸಂಜೆ ಕೊಡಬೇಕು. ಮೇಜಿನ ಮೇಲೊಂದು ನೋಟ್ ಪುಸ್ತಕವಿಟ್ಟು ವಿದ್ಯಾರ್ಥಿಗಳು ಬಂದು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟರೂ ಸಾಕು. ಜುಲೈನಲ್ಲಿ ‘ಹಿಸ್ಟರಿ ಬುಕ್ ಎಲ್ಲಿದೆ ಸಾರ್?’ ಎಂದವನು ಫೆಬ್ರವರಿಯಲ್ಲೂ ಅದನ್ನೇ ಕೇಳುತ್ತಿದ್ದರೆ ನಡುವಿನ ತಿಂಗಳುಗಳಲ್ಲಿ ಏನಾಯಿತೆಂದು ಬೇರೆ ವರದಿ ಬೇಕಿಲ್ಲ. ಅವನೇ ‘ಈ ಗೆಜೆಟಿಯರ್‌ನ ಹಿಂದಿನ ಮುದ್ರಣ ಇದೆಯೇ?’ ಎಂದರೆ, ಅದೂ ಆ ಪುಸ್ತಕದಲ್ಲಿ ದಾಖಲಾಗುತ್ತದೆ.

ಮಕ್ಕಳನ್ನು ಸೇರಿಸಲು ಹೋಗುವ ತಂದೆತಾಯಿ ಹಾಸ್ಟೆಲು, ಬಸ್ ಪಾಸು, ಶುಲ್ಕ ಎಲ್ಲವನ್ನೂ ವಿಚಾರಿಸುತ್ತಾರೆ. ಲೈಬ್ರರಿಯ ಮಾತು ಬಂದರೆ ‘ಎಷ್ಟು ಪುಸ್ತಕ ಇದೆ?’ ಎನ್ನುತ್ತಾರೆ; ಒಂದು ದೊಡ್ಡ ಸಂಖ್ಯೆ ಕೇಳಿ ಸಮಾಧಾನಪಡುತ್ತಾರೆ. ಅದರ ಬದಲು ಹಿಂದಿನ ವರ್ಷದ ವಿದ್ಯಾರ್ಥಿಗಳು ಬರೆದ ನಾಲ್ಕು ಪ್ರಾಜೆಕ್ಟ್ ವರದಿಗಳನ್ನು ತೋರಿಸಲು ಕೇಳಬಹುದು. ತೋರಿಸದಿದ್ದರೆ ಅದೂ ಒಂದು ಉತ್ತರ. ತೋರಿಸಿದರೆ ಒಳಗಿನ ವಿಷಯ ಓದಿ ಅರ್ಥವಾಗಬೇಕಾಗಿಲ್ಲ, ಕೊನೆಯ ಪುಟ ತಿರುವಿದರೆ ಸಾಕು. ಆಕರಗಳೆಂದು ಅಲ್ಲಿ ಬರೆದಿರುವುದು ‘ಗೂಗಲ್, ವಿಕಿಪೀಡಿಯ’ ಎಂಬ ಎರಡು ಪದವೋ, ನಾಲ್ಕೂ ವರದಿಗಳಲ್ಲಿ ಒಂದೇ ಪಟ್ಟಿಯೋ, ಅಥವಾ ಒಬ್ಬೊಬ್ಬರು ಒಂದೊಂದು ಕಡೆ ಹುಡುಕಿ ತಂದ ಲೇಖಕರ ಹೆಸರು, ಪುಸ್ತಕ, ಇಸವಿ, ಪುಟಸಂಖ್ಯೆಗಳೋ ಎಂಬುದು ಎಸ್ಸೆಸ್ಸೆಲ್ಸಿ ಓದಿದವರ ಕಣ್ಣಿಗೂ ಕಾಣುತ್ತದೆ.